ಬಸಿರಿನ ವಾಂತಿಗೆ ಮಾತ್ರೆ ತಗೊಳ್ಳಬಹುದಾ? ಒಬ್ಬರು ಬೇಡ ಅಂತಾರೆ, ಇನ್ನೊಬ್ಬರು ಕೊಡಿ ಅಂತಾರೆ

ಎರಡು ಸುದ್ದಿಗಳು ಒಟ್ಟೊಟ್ಟಿಗೆ ಮೊಬೈಲಿಗೆ ಬಂದು ಬೀಳುತ್ತಿವೆ. ಒಂದು, ಬಸುರಿಯರ ವಾಂತಿಗೆ ಕಾರಣ ಕೊನೆಗೂ ಸಿಕ್ಕಿದೆ, ಇನ್ನೇನು ಔಷಧಿ ಬಂದೇಬಿಡುತ್ತದೆ ಅನ್ನುವುದು. ಇನ್ನೊಂದು, ಡಾಕ್ಟರು ವಾಂತಿಗೆ ಬರೆದುಕೊಡುವ ಮಾತ್ರೆಯಿಂದ ಮಗುವಿಗೆ ಸೀಳುತುಟಿ ಬರುತ್ತದೆ ಅನ್ನುವುದು. ಮೊದಲನೆಯದನ್ನು ಓದಿ ಆಸೆ ಹುಟ್ಟುತ್ತದೆ, ಎರಡನೆಯದನ್ನು ಓದಿದವರು ಡಾಕ್ಟರ ಚೀಟಿಯನ್ನು ಮಡಚಿ ಬ್ಯಾಗಿನಲ್ಲಿಟ್ಟು ಸುಮ್ಮನಾಗುತ್ತಾರೆ.

ಗೊಂದಲಕ್ಕೆ ಕಾರಣ ಇದೆ. ಒಂಡಾನ್ಸೆಟ್ರಾನ್ ಅನ್ನುವ ಈ ಮಾತ್ರೆಯನ್ನು ಬಸಿರಿನ ಮೊದಲ ಮೂರು ತಿಂಗಳಲ್ಲಿ ಬಳಸಬಾರದು ಅಂತ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಹೇಳಿತು. ಬೇರೆ ಔಷಧಿಗೆ ವಾಂತಿ ಬಗ್ಗದಿದ್ದರೆ ಇದನ್ನು ಕೊಡಲು ಹಿಂಜರಿಯಬೇಡಿ ಅಂತ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2024ರಲ್ಲಿ ಹೇಳಿತು. ಎರಡೂ ನಿಜವಾದ ಸುದ್ದಿ. ಇಬ್ಬರೂ ನೋಡಿದ್ದು ಹೆಚ್ಚುಕಡಿಮೆ ಅದೇ ಅಂಕಿಗಳನ್ನು. ಹಾಗಿದ್ದರೆ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಕೂತು, ನಾಲ್ಕು ದಿನದಿಂದ ನೀರೂ ನಿಲ್ಲದೆ ಒದ್ದಾಡುತ್ತಿರುವವರು ಯಾರ ಮಾತು ಕೇಳಬೇಕು?

ಇದು ಮಾಮೂಲಿ ವಾಕರಿಕೆ ಅಲ್ಲ

ಬಸುರಿಯರಲ್ಲಿ 10ಕ್ಕೆ 7–8 ಜನರಿಗೆ ಒಂದಷ್ಟು ವಾಕರಿಕೆ, ವಾಂತಿ ಇದ್ದೇ ಇರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹೊಟ್ಟೆ ತೊಳಸುತ್ತದೆ, ಒಗ್ಗರಣೆ ವಾಸನೆ ಆಗುವುದಿಲ್ಲ, ಕಾಫಿ ಸೇರುವುದಿಲ್ಲ. ಆದರೂ ಏನೋ ಒಂದಿಷ್ಟು ಹೊಟ್ಟೆಯಲ್ಲಿ ನಿಲ್ಲುತ್ತದೆ, ದಿನ ಹೇಗೋ ಕಳೆಯುತ್ತದೆ. ಮನೆಯ ಹಿರಿಯರು ‘ಬಯಕೆ ಸಂಕಟ, ಮೂರು ತಿಂಗಳು ಕಳೆದರೆ ಸರಿಹೋಗುತ್ತದೆ’ ಅನ್ನುವುದು ಈ ಸಂಕಟಕ್ಕೆ. ಅವರ ಮಾತು ತಪ್ಪಲ್ಲ. ವಾಂತಿ ಇದ್ದರೆ ಬಸಿರು ಗಟ್ಟಿ ಅನ್ನುವ ಮಾತಿನಲ್ಲೂ ಸತ್ಯ ಇದೆ. ಸಾಧಾರಣ ವಾಕರಿಕೆ ಇರುವವರಲ್ಲಿ ಗರ್ಭಪಾತದ ಪ್ರಮಾಣ ಸ್ವಲ್ಪ ಕಡಿಮೆ ಅಂತ ಅಧ್ಯಯನಗಳೂ ತೋರಿಸಿವೆ.

ಆದರೆ 100ರಲ್ಲಿ ಒಬ್ಬರೋ ಇಬ್ಬರೋ, ಹೆಚ್ಚೆಂದರೆ ಮೂವರೋ, ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ಬರುವುದು ಹೈಪರ್‌ಎಮೆಸಿಸ್ ಗ್ರಾವಿಡಾರಮ್ ಅನ್ನುವ ಕಾಯಿಲೆ. ದಿನಕ್ಕೆ ಹತ್ತು–ಇಪ್ಪತ್ತು ಸಲ ವಾಂತಿ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದಾಗ ಹಳದಿ ಪಿತ್ತ, ಗಂಟಲು ಹರಿದು ಕೆಲವೊಮ್ಮೆ ರಕ್ತದ ಗೆರೆ. ನೀರು ಕುಡಿದರೆ ನೀರೂ ವಾಪಸ್. ತಮ್ಮ ಎಂಜಲು ನುಂಗಲೂ ಆಗದೆ ಉಗುಳುತ್ತಾ ಕೂರುವವರಿದ್ದಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರನೇ ವಾರದಲ್ಲಿ ಶುರುವಾಗಿ, ಒಂಬತ್ತನೇ ವಾರದ ಹೊತ್ತಿಗೆ ಏರುತ್ತದೆ. ಬಹಳ ಜನರಿಗೆ ಐದು ತಿಂಗಳೊಳಗೆ ಇಳಿಯುತ್ತದೆ, ಕೆಲವರಿಗೆ ಮಾತ್ರ ಹೆರಿಗೆಯವರೆಗೂ ಬಿಡುವುದಿಲ್ಲ.

2021ರಲ್ಲಿ ಹಲವು ದೇಶಗಳ ವೈದ್ಯರೂ ಈ ಕಾಯಿಲೆ ಅನುಭವಿಸಿದ ತಾಯಂದಿರೂ ಸೇರಿ ಇದಕ್ಕೊಂದು ವ್ಯಾಖ್ಯೆ ಕೊಟ್ಟರು. 16ನೇ ವಾರಕ್ಕೆ ಮೊದಲು ಶುರುವಾಗಬೇಕು, ವಾಕರಿಕೆ ಅಥವಾ ವಾಂತಿ ತೀವ್ರವಾಗಿರಬೇಕು, ಎಂದಿನಂತೆ ತಿನ್ನಲು ಕುಡಿಯಲು ಆಗಬಾರದು, ದಿನದ ಕೆಲಸ ಮಾಡಲಾಗದಷ್ಟು ಸೋಲಿಸಿರಬೇಕು. ಇಷ್ಟು ಸಾಕು. ದಿನಕ್ಕೆ ಇಂತಿಷ್ಟು ಸಲ ವಾಂತಿ ಆಗಲೇಬೇಕು, ತೂಕ ಇಳಿಯಲೇಬೇಕು ಅನ್ನುವ ಷರತ್ತು ಇದರಲ್ಲಿಲ್ಲ. ತೂಕ ಇಳಿಯುವವರೆಗೆ ಕಾದರೆ ಅಷ್ಟರಲ್ಲಿ ದೇಹ ಸೋತುಹೋಗಿರುತ್ತದೆ, ಅಲ್ವಾ?

ಕಾರಣ ಸಿಕ್ಕಿದ್ದು ಎಲ್ಲಿ

ಬಹಳ ವರ್ಷ ಇದನ್ನು ಮನಸ್ಸಿನ ಕಾಯಿಲೆ ಅಂತ ನಂಬಲಾಗಿತ್ತು. ಹೆಣ್ಣಿಗೆ ಮಗು ಬೇಡವಾಗಿದೆ, ಗಂಡನ ಮನೆ ಒಗ್ಗಿಲ್ಲ, ಅದಕ್ಕೇ ವಾಂತಿ ಅಂತ ವೈದ್ಯರೇ ಬರೆದ ಕಾಲ ಇತ್ತು. ಇದು ಹೆಂಗಸರಿಗೆ ಆದ ದೊಡ್ಡ ಅನ್ಯಾಯ. ಕಾಯಿಲೆಯೂ ಅವರದೇ, ತಪ್ಪೂ ಅವರದೇ ಅಂತ ಹೊರಿಸಿದಂತಾಯಿತು.

2018ರಲ್ಲಿ ಅಮೆರಿಕದ ವಂಶವಾಹಿ ತಜ್ಞೆ ಮಾರ್ಲೆನಾ ಫೆಜ್ಜೋ ಮತ್ತು ಜೊತೆಗಾರರು ಈ ಕಾಯಿಲೆಗೂ ಜಿಡಿಎಫ್15 ಅನ್ನುವ ಪ್ರೋಟೀನಿಗೂ ನಂಟಿದೆ ಅಂತ ತೋರಿಸಿದರು. ಎರಡು ಬಸಿರಿನಲ್ಲಿ ಸ್ವತಃ ಈ ಸಂಕಟ ಅನುಭವಿಸಿದವರು ಅವರು. 2023ರ ಡಿಸೆಂಬರಿನಲ್ಲಿ ಕೇಂಬ್ರಿಡ್ಜಿನ ಸ್ಟೀಫನ್ ಓ’ರಾಹಿಲಿ ಅವರ ತಂಡದ ಜೊತೆ ಸೇರಿ ನೇಚರ್ ಪತ್ರಿಕೆಯಲ್ಲಿ ಪೂರ್ತಿ ವಿವರ ಬಂತು. ಈಗಲೂ ಹೊಸ ಸುದ್ದಿಯಂತೆ ಸುತ್ತುತ್ತಿರುವುದು ಅದೇ.

ಜಿಡಿಎಫ್15 ನಮ್ಮೆಲ್ಲರ ದೇಹದಲ್ಲೂ ಸ್ವಲ್ಪ ಇರುತ್ತದೆ. ಬಸಿರಾದ ಮೇಲೆ ಮಗುವಿನ ಕಡೆಯಿಂದ, ಮುಖ್ಯವಾಗಿ ಮಾಸಿನಿಂದ, ಇದು ತಾಯಿಯ ರಕ್ತಕ್ಕೆ ಜಾಸ್ತಿ ಬರತೊಡಗುತ್ತದೆ. ಮಿದುಳಿನ ಹಿಂಭಾಗದಲ್ಲಿರುವ ವಾಕರಿಕೆಯ ಜಾಗವನ್ನು ಅದು ಕೆರಳಿಸುತ್ತದೆ. ಬಸಿರಿಗೆ ಮೊದಲು ಈ ಪ್ರೋಟೀನ್ ಯಾರಲ್ಲಿ ಕಡಿಮೆ ಇತ್ತೋ ಅವರಿಗೆ ಏಟು ಜಾಸ್ತಿ. ದಿನಾ ಸೂಜಿಮೆಣಸು ತಿನ್ನುವವರಿಗೆ ಒಂದು ಕಾಯಿ ಜಾಸ್ತಿ ಬಿದ್ದರೂ ಏನೂ ಅನ್ನಿಸುವುದಿಲ್ಲ, ಖಾರವೇ ತಿಂದು ಗೊತ್ತಿಲ್ಲದವರಿಗೆ ಅದೇ ಒಂದು ಕಾಯಿಯಿಂದ ಕಣ್ಣುಮೂಗಲ್ಲಿ ನೀರಿಳಿಯುತ್ತದೆ. ಬೀಟಾ ಥಲಸ್ಸೀಮಿಯಾ ಇರುವ ಹೆಂಗಸರಲ್ಲಿ ಮೊದಲಿನಿಂದಲೂ ಈ ಪ್ರೋಟೀನ್ ಜಾಸ್ತಿ. ಅವರಿಗೆ ಬಸಿರಿನಲ್ಲಿ ವಾಂತಿಯ ಕಾಟ ತೀರಾ ಕಡಿಮೆ. ಈ ಲೆಕ್ಕ ಸರಿಯಾಗಿದೆ ಅನ್ನಲು ಇದೊಂದು ಒಳ್ಳೆಯ ಪುರಾವೆ.

ಇದರಿಂದ ಒಂದು ಮಾತು ಇತ್ಯರ್ಥವಾಯಿತು. ಇದು ಹಟ ಅಲ್ಲ, ಸೋಮಾರಿತನ ಅಲ್ಲ, ನಾಟಕ ಅಲ್ಲ. ‘ನಾವೂ ಹೆತ್ತಿಲ್ವಾ, ನಮಗೆ ಹೀಗೆಲ್ಲ ಆಗಲಿಲ್ಲ’ ಅನ್ನುವ ಅತ್ತೆಗೆ ನಿಜಕ್ಕೂ ಹೀಗೆ ಆಗಿರಲಿಕ್ಕಿಲ್ಲ. ಅವರ ದೇಹ ಬೇರೆ, ಸೊಸೆಯ ದೇಹ ಬೇರೆ.

ಆದರೆ ಔಷಧಿ ಇನ್ನೂ ಕೈಗೆ ಬಂದಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಈ ಪ್ರೋಟೀನನ್ನು ಏರಿಸುತ್ತದೆ. ಹಾಗಾಗಿ ಬಸಿರಿಗೆ ಮೊದಲೇ ಅದನ್ನು ಕೊಟ್ಟು ದೇಹಕ್ಕೆ ಅಭ್ಯಾಸ ಮಾಡಿಸಬಹುದೇ ಅನ್ನುವುದು ಸಂಶೋಧಕರ ಪ್ರಶ್ನೆ. ಅದಿನ್ನೂ ಪರೀಕ್ಷೆಯ ಮಾತು. ಸುದ್ದಿ ಓದಿ ಮಾವನ ಡಬ್ಬಿಯಿಂದ ಮೆಟ್‌ಫಾರ್ಮಿನ್ ತೆಗೆದು ನುಂಗುವ ವಿಷಯ ಖಂಡಿತ ಅಲ್ಲ. ಈಗಾಗಲೇ ವಾಂತಿ ಶುರುವಾದವರಿಗೆ ಇದು ನೆರವಾಗುತ್ತದೆ ಅನ್ನಲು ಈ ಸಿದ್ಧಾಂತದಲ್ಲಿ ಆಧಾರವೂ ಇಲ್ಲ.

ಮಾತ್ರೆಯ ಭಯ ಎಲ್ಲಿಂದ ಬಂತು

ಬಸುರಿಗೆ ಮಾತ್ರೆ ಅಂದರೆ ಜನ ಹೆದರುವುದು ಸುಮ್ನೆ ಅಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಅನ್ನುವ ನಿದ್ದೆಯ ಔಷಧಿ ಮಾರಾಟಕ್ಕೆ ಬಂತು. ಬಸುರಿಯರ ವಾಕರಿಕೆಗೂ ಅದನ್ನು ಕೊಟ್ಟರು. ಕೈಕಾಲು ಸರಿಯಾಗಿ ಬೆಳೆಯದ ಮಕ್ಕಳು ಹುಟ್ಟತೊಡಗಿದವು, 1961ರ ಕೊನೆಗೆ ಅದನ್ನು ವಾಪಸ್ ಪಡೆಯಬೇಕಾಯಿತು. ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಇದಕ್ಕೆ ಬಲಿಯಾದರು ಅನ್ನುವ ಅಂದಾಜಿದೆ. ಬಸುರಿಯರಿಗೆ ಕೊಡುವ ಔಷಧಿಯನ್ನು ಇವತ್ತು ಇಷ್ಟು ಅಳೆದೂ ಸುರಿದೂ ನೋಡುವುದು ಆ ಮಕ್ಕಳಿಂದ ಕಲಿತ ಪಾಠ.

ಆದರೆ ಭಯ ಇನ್ನೊಂದು ದಿಕ್ಕಿನಲ್ಲೂ ತಪ್ಪು ಮಾಡಿಸಿತು. ಆ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅಮೆರಿಕದಲ್ಲಿ 1956ರಿಂದ ಬೆಂಡೆಕ್ಟಿನ್ ಅನ್ನುವ ಮಾತ್ರೆ ಇತ್ತು. ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಅದರ ಮುಖ್ಯ ಅಂಶಗಳು. ಲಕ್ಷಾಂತರ ಬಸುರಿಯರು ತೆಗೆದುಕೊಂಡಿದ್ದರು. ಅದರಿಂದ ಮಕ್ಕಳಲ್ಲಿ ಊನ ಬಂತು ಅಂತ ಕೋರ್ಟಿನಲ್ಲಿ ಕೇಸಿನ ಮೇಲೆ ಕೇಸು ಬಿದ್ದವು. ಪುರಾವೆ ಇರಲಿಲ್ಲ. ಆದರೂ ಕೇಸು ನಡೆಸುವ ಖರ್ಚು ತಾಳದೆ ಕಂಪನಿ 1983ರಲ್ಲಿ ಮಾತ್ರೆ ನಿಲ್ಲಿಸಿತು. ಆಮೇಲೆ ಏನಾಯಿತು ನೋಡಿ. ಹುಟ್ಟುವ ಮಕ್ಕಳಲ್ಲಿ ಊನದ ಪ್ರಮಾಣ ಕಡಿಮೆಯಾಗಲಿಲ್ಲ. ವಾಂತಿಯಿಂದ ಆಸ್ಪತ್ರೆ ಸೇರುವ ಬಸುರಿಯರ ಪ್ರಮಾಣ ಮಾತ್ರ ಏರಿತು. ಕೊನೆಗೆ 2013ರಲ್ಲಿ ಅದೇ ಡಾಕ್ಸಿಲಮೈನ್–ಬಿ6 ಜೋಡಿಗೆ ಹೊಸ ಹೆಸರಿನಲ್ಲಿ ಅಮೆರಿಕ ಮತ್ತೆ ಒಪ್ಪಿಗೆ ಕೊಟ್ಟಿತು. ಮೂವತ್ತು ವರ್ಷ ಅಲ್ಲಿಯ ಹೆಂಗಸರು ಸುರಕ್ಷಿತವಾದ ಮಾತ್ರೆಯೊಂದನ್ನು ಕಳೆದುಕೊಂಡು ಒದ್ದಾಡಿದರು.

ನಮ್ಮ ಮೆಡಿಕಲ್ ಶಾಪುಗಳಲ್ಲಿ ಡಾಕ್ಸಿನೇಟ್ ಮೊದಲಾದ ಹೆಸರಲ್ಲಿ ಸಿಗುವುದು ಇದೇ ಜೋಡಿ. ಬಸಿರಿನ ವಾಂತಿಗೆ ಡಾಕ್ಟರು ಮೊದಲು ಬರೆಯುವುದೂ ಸಾಮಾನ್ಯವಾಗಿ ಇದನ್ನೇ. ಇದನ್ನು ಕಂಡು ಹೆದರುವ ಕಾರಣ ಇಲ್ಲ. ನಿದ್ದೆ ಬರಿಸುತ್ತದೆ, ಅಷ್ಟೇ. ತೆಗೆದುಕೊಳ್ಳುವ ಕ್ರಮದಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ವಾಂತಿ ಬಂದಾಗ ನುಂಗುವ ಮಾತ್ರೆ ಇದಲ್ಲ. ನಿಧಾನವಾಗಿ ಕರಗುವ ಹಾಗೆ ಮಾಡಿರುವುದರಿಂದ ರಾತ್ರಿ ನುಂಗಿದ್ದು ಬೆಳಗಿನ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಅದಕ್ಕೇ ದಿನಾ ತಪ್ಪದೆ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿ, ಅದೂ ವಾಂತಿಯಲ್ಲೇ ಹೋಗಿ, ‘ಈ ಮಾತ್ರೆ ನನಗೆ ಹಿಡಿಸಲಿಲ್ಲ’ ಅಂತ ಬಿಟ್ಟವರು ಎಷ್ಟೋ.

ಸೀಳುತುಟಿಯ ಲೆಕ್ಕ

ಈಗ ಒಂಡಾನ್ಸೆಟ್ರಾನ್ ವಿಷಯ. ಎಮೆಸೆಟ್ ಮೊದಲಾದ ಹೆಸರಲ್ಲಿ ಸಿಗುತ್ತದೆ, ನಾಲಿಗೆಯ ಮೇಲೆ ಕರಗುವ ಮಾತ್ರೆಯೂ ಇದೆ. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಂತಿಗೆ ಅಂತ ಬಂದ ಔಷಧಿ ಇದು, ಚೆನ್ನಾಗಿ ಕೆಲಸ ಮಾಡುತ್ತದೆ.

2018ರಲ್ಲಿ ಅಮೆರಿಕದ ಸುಮಾರು 18 ಲಕ್ಷ ಬಸಿರುಗಳ ದಾಖಲೆ ನೋಡಿದ ಅಧ್ಯಯನವೊಂದು ಬಂತು. ಅವರಲ್ಲಿ 88,000ಕ್ಕೂ ಹೆಚ್ಚು ಜನ ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆ ತೆಗೆದುಕೊಂಡಿದ್ದರು. ಮಗುವಿನ ಹೃದಯದ ತೊಂದರೆ ಇದರಿಂದ ಹೆಚ್ಚಾಗುವುದು ಕಾಣಲಿಲ್ಲ. ಸೀಳುತುಟಿ ಅಥವಾ ಸೀಳಂಗಳ (ಬಾಯಿಯ ಒಳಮೇಲ್ಭಾಗ, ಅಂದರೆ ಅಂಗಳ, ಸೀಳಿರುವುದು) ಮಾತ್ರ ಸ್ವಲ್ಪ ಜಾಸ್ತಿ ಕಂಡಿತು. ಮಾತ್ರೆ ತೆಗೆದುಕೊಳ್ಳದವರಲ್ಲಿ 10,000 ಮಕ್ಕಳಿಗೆ 11, ತೆಗೆದುಕೊಂಡವರಲ್ಲಿ 10,000ಕ್ಕೆ 14. ಅಂದರೆ 10,000ಕ್ಕೆ ಮೂರು ಹೆಚ್ಚು.

ಈ ಮೂರನ್ನು ನೋಡಿ ಯುರೋಪಿನ ಸಂಸ್ಥೆ ಬೇಡ ಅಂದಿತು. ಔಷಧಿಗೆ ಒಪ್ಪಿಗೆ ಕೊಡುವವರು ಅವರು. ಒಂದು ಅಪಾಯ ಕಂಡರೆ ಎಚ್ಚರಿಸುವುದು ಅವರ ಕೆಲಸ. ಬ್ರಿಟನ್ನಿನ ಪ್ರಸೂತಿ ತಜ್ಞರು ಅದೇ ಮೂರನ್ನು ನೋಡಿದರು, ಜೊತೆಗೆ ಎದುರಿನ ಹಾಸಿಗೆಯಲ್ಲಿ ಮಲಗಿರುವ ಹೆಂಗಸನ್ನೂ ನೋಡಿದರು. ಅಪಾಯ ಇಷ್ಟಿದೆ ಅಂತ ಆಕೆಗೆ ತಿಳಿಸಿ, ಬೇರೆ ಮಾತ್ರೆಗೆ ವಾಂತಿ ನಿಲ್ಲದಿದ್ದರೆ ಇದನ್ನು ಕೊಡಿ ಅಂದರು. ಇಬ್ಬರ ಜಗಳ ಅಂಕಿಯ ಮೇಲಲ್ಲ, ಅಂಕಿಯ ಎದುರು ಏನನ್ನು ಇಟ್ಟು ತೂಗಬೇಕು ಅನ್ನುವುದರ ಮೇಲೆ.

ಎರಡನೆಯ ನಿಲುವೇ ಸರಿ ಅನ್ನುವುದು ಈ ಲೇಖನದ ಅಭಿಪ್ರಾಯ. ಮಾತ್ರೆಯಿಂದ ಆಗಬಹುದಾದ ಕೆಡುಕನ್ನು ಎಣಿಸಿದವರು, ಮಾತ್ರೆ ಕೊಡದಿದ್ದರೆ ಆಗುವ ಕೆಡುಕನ್ನೂ ಎಣಿಸಲೇಬೇಕು. ಜೊತೆಗೆ ಇನ್ನೊಂದು ವಿಷಯ ಇದೆ. ಮಗುವಿನ ತುಟಿ, ಅಂಗಳ ಕೂಡಿಕೊಳ್ಳುವ ಕೆಲಸ ಮೊದಲ ಮೂರು ತಿಂಗಳಲ್ಲೇ ಮುಗಿಯುತ್ತದೆ. ಅದು ದಾಟಿದ ಮೇಲೆ ಈ ಅಪಾಯದ ಪ್ರಶ್ನೆಯೇ ಏಳುವುದಿಲ್ಲ. ನಾಲ್ಕನೇ ತಿಂಗಳಲ್ಲಿರುವವರೂ ಸೀಳುತುಟಿಗೆ ಹೆದರಿ ಮಾತ್ರೆ ಬಿಡುವುದು ವ್ಯರ್ಥ ಹಿಂಸೆ.

ಹಾಗಂತ ಮೆಡಿಕಲ್ ಶಾಪಿನವರನ್ನು ಕೇಳಿ ತಗೊಳ್ಳುವ ಮಾತ್ರೆಯೂ ಅಲ್ಲ. ಮಲಬದ್ಧತೆ ಮಾಡುತ್ತದೆ. ವಾಂತಿಯಿಂದ ಪೊಟ್ಯಾಸಿಯಮ್ ಇಳಿದುಹೋಗಿರುವವರಲ್ಲಿ ಹೃದಯದ ಬಡಿತ ಏರುಪೇರು ಮಾಡಬಹುದು. ಅದಕ್ಕೇ ಡಾಕ್ಟರು ರಕ್ತಪರೀಕ್ಷೆ, ಕೆಲವೊಮ್ಮೆ ಇಸಿಜಿ ಕೇಳುವುದು.

ಗ್ಲೂಕೋಸ್ ಬಾಟ್ಲಿ ಮತ್ತು ಬಿ1

ಸುಸ್ತಾಗಿ ಬಂದವರಿಗೆ ‘ಒಂದು ಗ್ಲೂಕೋಸ್ ಹಾಕಿಬಿಡಿ’ ಅಂತ ಮನೆಯವರೇ ಕೇಳುವುದು ನಮ್ಮಲ್ಲಿ ರೂಢಿ. ಬಸಿರಿನ ತೀವ್ರ ವಾಂತಿಯಲ್ಲಿ ಈ ರೂಢಿ ಅಪಾಯ ತರಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಬಿ1 ವಿಟಮಿನ್, ಅಂದರೆ ಥಯಮಿನ್, ದೇಹದಲ್ಲಿ ಬಹಳ ದಿನ ಉಳಿಯುವುದಿಲ್ಲ. ಎರಡು ಮೂರು ವಾರ ಸರಿಯಾಗಿ ಊಟ ಇಲ್ಲದಿದ್ದರೆ ದಾಸ್ತಾನು ಖಾಲಿ. ದೇಹ ಗ್ಲೂಕೋಸನ್ನು ಬಳಸಿಕೊಳ್ಳಲು ಬಿ1 ಬೇಕೇ ಬೇಕು. ಬಿ1 ಇಲ್ಲದ ದೇಹಕ್ಕೆ ಒಮ್ಮೆಲೇ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರುಪಾರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ವರ್ನಿಕೆ ಎನ್ಸೆಫಲೋಪತಿ ಅನ್ನುವುದು ಇದನ್ನೇ. ಮಾತು ಗಲಿಬಿಲಿಯಾಗುತ್ತದೆ, ನಡಿಗೆ ಓಲಾಡುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ತಡವಾದರೆ ಮರೆವು ಶಾಶ್ವತವಾಗಿ ಉಳಿದುಬಿಡಬಹುದು, ಜೀವವೂ ಹೋಗಬಹುದು. ಬಿ1 ಅಗ್ಗದ ವಿಟಮಿನ್, ಮೊದಲೇ ಕೊಟ್ಟರೆ ಇಡೀ ಅನಾಹುತ ತಪ್ಪುತ್ತದೆ.

ಹಾಗಾಗಿ ಸರಿಯಾದ ಕ್ರಮ ಇದು. ಮೊದಲು ಸಲೈನ್, ಪೊಟ್ಯಾಸಿಯಮ್ ಕಡಿಮೆ ಇದ್ದರೆ ಅದನ್ನೂ ಸೇರಿಸಿ. ಜೊತೆಗೆ ಬಿ1. ಗ್ಲೂಕೋಸ್ ಬೇಕಾದರೆ ಬಿ1 ಕೊಟ್ಟ ಮೇಲೆ. ಜೊತೆಗೆ ಹೋದವರು ‘ಡಾಕ್ಟ್ರೇ, ಎರಡು ವಾರದಿಂದ ಏನೂ ನಿಂತಿಲ್ಲ, ಬಿ1 ಕೊಡ್ತೀರಾ?’ ಅಂತ ಒಂದು ಮಾತು ಕೇಳಿದರೆ ತಪ್ಪೇನಿಲ್ಲ.

ಅಸಿಟೋನ್ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಮೂತ್ರದಲ್ಲಿ ಅಸಿಟೋನ್, ಅಂದರೆ ಕೀಟೋನ್, ಬಂದರೆ ಮಾತ್ರ ಕಾಯಿಲೆ ಗಂಭೀರ, ಇಲ್ಲದಿದ್ದರೆ ಮನೆಗೆ ಹೋಗಿ ಅನ್ನುವ ಪದ್ಧತಿ ಬಹಳ ಕಾಲದಿಂದ ಇದೆ. ಕೀಟೋನಿಗೂ ಕಾಯಿಲೆಯ ತೀವ್ರತೆಗೂ ಸರಿಯಾದ ತಾಳೆ ಇಲ್ಲ, ಅದನ್ನು ನೋಡಿ ತೀರ್ಮಾನಿಸಬೇಡಿ ಅಂತ ಬ್ರಿಟನ್ನಿನ 2024ರ ಮಾರ್ಗಸೂಚಿ ಹೇಳುತ್ತದೆ. ಅದರ ಬದಲು ಮೂರು ಪ್ರಶ್ನೆಗಳ ಒಂದು ಅಳತೆ ಇದೆ, ಹೆಸರು ಪ್ಯೂಕ್. ಕಳೆದ 24 ಗಂಟೆಯಲ್ಲಿ ಎಷ್ಟು ಹೊತ್ತು ವಾಕರಿಕೆ ಇತ್ತು, ಎಷ್ಟು ಸಲ ವಾಂತಿಯಾಯಿತು, ಏನೂ ಬರದೆ ಬರೀ ಓಕರಿಕೆ ಎಷ್ಟು ಸಲ. ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 13 ಅಥವಾ ಮೇಲೆ ಬಂದರೆ ತೀವ್ರ. ಮೆಷಿನ್ ಬೇಡ, ಲ್ಯಾಬ್ ಬೇಡ, ಆಶಾ ಕಾರ್ಯಕರ್ತೆ ಮನೆ ಜಗಲಿಯಲ್ಲಿ ಕೂತು ಕೇಳಬಹುದಾದ ಪ್ರಶ್ನೆಗಳು.

ಮಲೆನಾಡಿನಲ್ಲಿ ಇದು ಯಾಕೆ ಇನ್ನೂ ಕಷ್ಟ

ಊರೊಳಗೆ ಇರುವವರು ಬೆಳಗ್ಗೆ ಸುಸ್ತಾದರೆ ಆಟೋ ಹತ್ತಿ ಹೋಗಿ ಡ್ರಿಪ್ ಹಾಕಿಸಿಕೊಂಡು ಸಂಜೆಗೆ ವಾಪಸ್ ಬರುತ್ತಾರೆ. ಆಗುಂಬೆ ಕಡೆಯ, ಹುಲಿಕಲ್ ಕಡೆಯ, ಶರಾವತಿ ಹಿನ್ನೀರಿನ ಕಡೆಯ ಮನೆಗಳಿಗೆ ಆ ಅನುಕೂಲ ಇಲ್ಲ. ತೋಟದ ನಡುವೆ ಒಂಟಿ ಮನೆ, ರಸ್ತೆಗೆ ಬರಲು ಅರ್ಧ ಗಂಟೆ ನಡಿಗೆ, ದಿನಕ್ಕೆರಡು ಬಸ್ಸು, ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ತುಮರಿ ಕಡೆಯವರು 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಸಾಗರಕ್ಕೆ ಬರಲು ಲಾಂಚಿಗೆ ಕಾಯಬೇಕಿತ್ತು. ಸೇತುವೆ ಆಯಿತು, ಆದರೆ ಎಷ್ಟೋ ಊರುಗಳಿಗೆ ದೂರ ದೂರವೇ ಆಗಿ ಉಳಿದಿದೆ. ಅದರ ಮೇಲೆ ಘಾಟಿಯ ತಿರುವುಗಳು. ಚೆನ್ನಾಗಿರುವವರಿಗೇ ಬಸ್ಸಿನಲ್ಲಿ ವಾಂತಿ ಬರುವ ದಾರಿಯಲ್ಲಿ ಇವರನ್ನು ಕೂರಿಸಿಕೊಂಡು ಹೋಗಬೇಕು.

ಇದರ ಫಲ ಏನು? ‘ನಾಳೆ ನೋಡೋಣ’ ಅನ್ನುವುದು ಇಲ್ಲಿ ಜಾಸ್ತಿ. ನಾಳೆ ನೋಡೋಣ ಅಂದಷ್ಟೂ ದೇಹದ ನೀರು ಇಳಿಯುತ್ತದೆ. ನೀರು ಇಳಿದಷ್ಟೂ ವಾಕರಿಕೆ ಏರುತ್ತದೆ, ವಾಕರಿಕೆ ಏರಿದಷ್ಟೂ ನೀರು ಕುಡಿಯಲಾಗುವುದಿಲ್ಲ. ಕೊನೆಗೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎರಡು ಬಾಟ್ಲಿಯಲ್ಲಿ ಸರಿಹೋಗಬೇಕಿದ್ದದ್ದು ವಾರದ ಅಡ್ಮಿಷನ್ ಆಗಿರುತ್ತದೆ. ನೀರಿಲ್ಲದ ದೇಹ ಮಲಗಿದಲ್ಲೇ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಮಗುವಿನ ತೂಕ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಇವೆಲ್ಲ ಚಿಕಿತ್ಸೆ ಸಿಗದೆ ತಾಯಿ ಸೊರಗಿದಾಗ ಜಾಸ್ತಿ.

ದೂರ ಇರುವವರಿಗೆ ಬಾಟ್ಲಿಗಿಂತ ಮಾತ್ರೆ ಮುಖ್ಯ ಅನ್ನುವುದು ಇದಕ್ಕೇ. ಮಾತ್ರೆಯನ್ನು ಬೇಗ ಶುರುಮಾಡಿದರೆ ಘಾಟಿ ಇಳಿಯುವ ಪ್ರಸಂಗವೇ ತಪ್ಪಬಹುದು. ಸೀಳುತುಟಿಯ ಫಾರ್ವರ್ಡ್ ಮೆಸೇಜು ಶಿವಮೊಗ್ಗ ಪೇಟೆಯವರಿಗಿಂತ ಹೆಚ್ಚು ಹಾನಿ ಮಾಡುವುದು ಹೊಸನಗರದ ಒಳಗಿನ ಒಂಟಿ ಮನೆಗೆ.

ಯಾವಾಗ ಕಾಯಬಾರದು? 24 ಗಂಟೆ ಏನೂ ನಿಲ್ಲದಿದ್ದರೆ, ಎಂಟು ಗಂಟೆಯಾದರೂ ಮೂತ್ರ ಆಗದಿದ್ದರೆ ಅಥವಾ ಕಡುಬಣ್ಣಕ್ಕೆ ತಿರುಗಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ ಅವತ್ತೇ ಹೊರಡಬೇಕು. ಬಸ್ಸು ಕಾಯದೆ 108ಕ್ಕೆ ಫೋನ್ ಮಾಡಬಹುದು. ತಾಲೂಕು ಆಸ್ಪತ್ರೆಯಲ್ಲಿ ಬಗೆಹರಿಯದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ತೂಕದ ವಿಷಯದಲ್ಲಿ ಒಂದು ಸೂಕ್ಷ್ಮ. ತಾಯಿ ಕಾರ್ಡಿನಲ್ಲಿ ಮೊದಲ ತೂಕ ಬರೆಯುವ ಹೊತ್ತಿಗೆ ಎಷ್ಟೋ ಸಲ ವಾಂತಿಯ ಕೆಟ್ಟ ವಾರಗಳು ಕಳೆದಿರುತ್ತವೆ. ಹಾಗಾಗಿ ಎಷ್ಟು ಇಳಿಯಿತು ಅನ್ನುವ ಲೆಕ್ಕವೇ ಸಿಗುವುದಿಲ್ಲ. ಮುಟ್ಟು ತಪ್ಪಿದ್ದು ಗೊತ್ತಾದ ಕೂಡಲೇ ಎಲ್ಲಾದರೂ ತೂಕ ನೋಡಿ ಬರೆದಿಡಿ. 50 ಕಿಲೋ ಇದ್ದವರು ಎರಡೂವರೆ ಕಿಲೋ ಇಳಿದರೆ ಶೇ 5 ಇಳಿದಂತೆ. ವೈದ್ಯರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಜ್ವರ ಇದ್ದರೆ ಕಥೆ ಬೇರೆ

ಮಲೆನಾಡಿನವರು ಇದನ್ನು ಮರೆಯಲೇಬಾರದು. ಬಸಿರಿನ ವಾಂತಿಯಲ್ಲಿ ಜ್ವರ ಇರುವುದಿಲ್ಲ. ಜ್ವರ, ತಲೆನೋವು, ಮೈಕೈ ನೋವಿನ ಜೊತೆ ವಾಂತಿ ಬಂದರೆ, ಅದರಲ್ಲೂ ಡಿಸೆಂಬರಿನಿಂದ ಮೇವರೆಗೆ ಉಣ್ಣೆಹುಳದ (ಉಣುಗಿನ) ಕಾಟ ಇರುವ ಕಾಲದಲ್ಲಿ, ಮಂಗನ ಕಾಯಿಲೆಯ ಅನುಮಾನ ಮೊದಲು ಬರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡುಕೊಂಡ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಮಳೆಗಾಲದಲ್ಲಾದರೆ ಇಲಿಜ್ವರ, ಡೆಂಗ್ಯೂ. ಉರಿಮೂತ್ರ ಇದ್ದರೆ ಮೂತ್ರದ ಸೋಂಕು. ಕಣ್ಣು ಹಳದಿಯಾದರೆ ಕಾಮಾಲೆ. ನಾಲ್ಕು ತಿಂಗಳು ಕಳೆದ ಮೇಲೆ ಹೊಸದಾಗಿ ಶುರುವಾದ ವಾಂತಿಯನ್ನೂ ಬಸಿರಿನ ಲೆಕ್ಕಕ್ಕೆ ಹಾಕಬೇಡಿ, ಐದು ತಿಂಗಳ ನಂತರ ತಲೆನೋವು, ಊತದ ಜೊತೆ ಬಂದರಂತೂ ಬಿಪಿ ನೋಡಿಸಲೇಬೇಕು. ಅವಳಿ ಮಕ್ಕಳಿದ್ದರೆ, ಅಪರೂಪಕ್ಕೆ ಮುತ್ತುಗರ್ಭ (ಮಗುವಿನ ಬದಲು ದ್ರಾಕ್ಷಿಗೊಂಚಲಿನಂಥ ಗಡ್ಡೆ ಬೆಳೆಯುವುದು) ಇದ್ದರೆ ವಾಂತಿ ವಿಪರೀತ ಇರುತ್ತದೆ. ಅದಕ್ಕೇ ಒಂದು ಸ್ಕ್ಯಾನ್ ಬೇಕು.

ಅಡುಗೆಮನೆಯಿಂದ ಏನಾಗುತ್ತದೆ, ಏನಾಗುವುದಿಲ್ಲ

ಶುಂಠಿ ಸಾಧಾರಣ ವಾಕರಿಕೆಗೆ ಸ್ವಲ್ಪ ಹಿಡಿತ ಕೊಡುತ್ತದೆ. ತೀವ್ರವಾದದ್ದಕ್ಕೆ ಸಾಲುವುದಿಲ್ಲ, ಬರಿಗಂಟಲಿಗೆ ಉರಿ ಬೇರೆ. ಎಲ್ಲವನ್ನೂ ವಾಂತಿ ಮಾಡುತ್ತಿರುವವರ ಮುಂದೆ ಶುಂಠಿ ಕಷಾಯ ಹಿಡಿದು ‘ಕುಡಿ, ಸರಿಹೋಗುತ್ತೆ’ ಅನ್ನುವುದು ಅವರ ಕಷ್ಟವನ್ನು ನಂಬದೆ ಇರುವ ಹಾಗೆ.

ಏನು ನಿಲ್ಲುತ್ತದೋ ಅದನ್ನೇ ತಿನ್ನಬೇಕು. ಪೌಷ್ಟಿಕತೆಯ ಚಿಂತೆ ಆಮೇಲೆ. ಸಾಮಾನ್ಯವಾಗಿ ಬಿಸಿ ಊಟಕ್ಕಿಂತ ತಣ್ಣಗಿನದು ಹಿಡಿಸುತ್ತದೆ, ಯಾಕೆಂದರೆ ವಾಸನೆ ಕಡಿಮೆ. ತಣ್ಣಗಿನ ಗಂಜಿತಿಳಿಗೆ ಉಪ್ಪು, ಜೊತೆಗೆ ಮಿಡಿ ಉಪ್ಪಿನಕಾಯಿಯ ಚೂರು, ಅಪ್ಪೆಹುಳಿ, ನೀರು ಮಜ್ಜಿಗೆ, ಪುನರ್ಪುಳಿ ಶರಬತ್ತು, ಎಳನೀರು, ಓಆರ್‌ಎಸ್. ಲೋಟದಲ್ಲಿ ಗಟಗಟ ಕುಡಿಯುವುದಲ್ಲ, ಐದು ನಿಮಿಷಕ್ಕೊಂದು ಚಮಚ. ಕುಸುಬಲಕ್ಕಿಯಲ್ಲಿ ಪಾಲಿಶ್ ಮಾಡಿದ ಬೆಳ್ತಿಗೆಗಿಂತ ಬಿ1 ಹೆಚ್ಚು ಉಳಿದಿರುತ್ತದೆ, ಗಂಜಿಗೆ ಅದನ್ನೇ ಹಾಕುವುದು ಒಳ್ಳೆಯದು. ಆದರೆ ಅದು ಬಿ1 ಮಾತ್ರೆಯ ಬದಲಿಗೆ ಅಲ್ಲ.

ವಾಸನೆಯ ಕಡೆ ಮನೆಯವರು ಗಮನ ಕೊಟ್ಟರೆ ಅರ್ಧ ಕೆಲಸ ಆದಂತೆ. ಅಡಿಕೆ ಬೇಯಿಸುವ ಕಾಲದಲ್ಲಿ ಒಲೆಯ ಹೊಗೆ, ಚೊಗರಿನ ವಾಸನೆ ಮನೆಯೆಲ್ಲ ತುಂಬಿರುತ್ತದೆ. ಆ ದಿನಗಳಲ್ಲಿ ಆಕೆಯನ್ನು ಒಲೆಯ ಕಡೆ ಬಿಡಬಾರದು, ಸಾಧ್ಯವಾದರೆ ತವರಿಗೋ ಬೇರೆ ಮನೆಗೋ ಕಳಿಸಬೇಕು. ಅಂಗನವಾಡಿಯಲ್ಲಿ ಕೊಡುವ ಮಾತೃಪೂರ್ಣ ಊಟ ಒಳ್ಳೆಯ ಯೋಜನೆ. ಆದರೆ ಬಿಸಿ ಸಾಂಬಾರಿನ ವಾಸನೆಗೇ ಓಡುವವರಿಗೆ ಅಲ್ಲಿಗೆ ನಡೆದುಹೋಗಿ ಉಣ್ಣುವುದು ಆಗದ ಮಾತು. ಅವರು ಬರಲಿಲ್ಲ ಅಂದರೆ ಅಸಡ್ಡೆ ಅಂತ ಬರೆಯದೆ ಮನೆಗೆ ಹೋಗಿ ನೋಡಬೇಕು. ಕಬ್ಬಿಣದ ಮಾತ್ರೆ ವಾಂತಿ ಹೆಚ್ಚಿಸಿದರೆ ಡಾಕ್ಟರನ್ನು ಕೇಳಿ ಸ್ವಲ್ಪ ದಿನ ನಿಲ್ಲಿಸಬಹುದು. ನಮ್ಮ ಸರ್ಕಾರಿ ಕ್ರಮದಲ್ಲೂ ಅದು ಶುರುವಾಗುವುದು ಮೂರು ತಿಂಗಳ ನಂತರವೇ. ಫೋಲಿಕ್ ಆಮ್ಲ ಮಾತ್ರ ಬಿಡದೆ ಇರಲು ನೋಡಿ.

ವಾಂತಿ ಜಾಸ್ತಿ ಆದರೆ ಹೆಣ್ಣು ಅನ್ನುವ ಮಾತೂ ಇದೆ. ದೊಡ್ಡ ಅಂಕಿಗಳಲ್ಲಿ ನೋಡಿದರೆ ತೀವ್ರ ವಾಂತಿ ಇರುವವರಲ್ಲಿ ಹೆಣ್ಣುಮಕ್ಕಳು ಸ್ವಲ್ಪ ಹೆಚ್ಚು ನಿಜ. ಒಬ್ಬರ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಇದೇ ಮಾತಿನಿಂದ ಮನೆಯಲ್ಲಿ ಆರೈಕೆ ಕಡಿಮೆಯಾಗುವುದಾದರೆ ಅದಕ್ಕಿಂತ ಹೇಯ ಇನ್ನೊಂದಿಲ್ಲ.

ಕೆಲಸ ಮತ್ತು ಮನಸ್ಸು

ಸಂಬಳದ ಕೆಲಸದಲ್ಲಿರುವವರಿಗೆ ಗೊತ್ತಿರಬೇಕಾದ ಒಂದು ಹಕ್ಕಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಬಸಿರಿನಿಂದ ಬಂದ ಕಾಯಿಲೆಗೆ, ಹೆರಿಗೆ ರಜೆಯಲ್ಲದೆ, ಸಂಬಳದ ಜೊತೆ ಒಂದು ತಿಂಗಳವರೆಗೆ ಹೆಚ್ಚುವರಿ ರಜೆ ಸಿಗುತ್ತಿತ್ತು. ಹೆರಿಗೆ ಸೌಲಭ್ಯದ ನಿಯಮಗಳು ಈಗ ಹೊಸ ಕಾರ್ಮಿಕ ಸಂಹಿತೆಯ ಭಾಗ, ಈ ರಜೆಯೂ ಅದರಲ್ಲಿದೆ. ಡಾಕ್ಟರ ಸರ್ಟಿಫಿಕೇಟ್ ಬೇಕು. ತೋಟದ ಕೂಲಿಗೆ ಹೋಗುವವರಿಗೆ ಇಂಥದ್ದೊಂದು ಆಸರೆ ಕೈಗೆ ಸಿಗುವುದು ಕಷ್ಟ. ಅವರು ವಾಂತಿ ಮಾಡಿಕೊಂಡೇ ಕೆಲಸಕ್ಕೆ ಹೋಗುತ್ತಾರೆ, ಇಲ್ಲವೇ ಆ ದಿನದ ಕೂಲಿ ಬಿಡುತ್ತಾರೆ. ಬೇಗ ಚಿಕಿತ್ಸೆ ಸಿಗಬೇಕಾದ ಅಗತ್ಯ ಅವರಿಗೇ ಎಲ್ಲರಿಗಿಂತ ಹೆಚ್ಚು.

ಮನಸ್ಸಿನ ಮಾತಿಗೆ ಬಂದರೆ, ಬ್ರಿಟನ್ನಿನಲ್ಲಿ ಈ ಕಾಯಿಲೆ ಅನುಭವಿಸಿದ 5,000ಕ್ಕೂ ಹೆಚ್ಚು ಹೆಂಗಸರನ್ನು ಕೇಳಿದ ಸಮೀಕ್ಷೆಯಲ್ಲಿ ಅರ್ಧದಷ್ಟು ಜನ ಗರ್ಭ ತೆಗೆಸುವ ಯೋಚನೆ ಮಾಡಿದ್ದಾಗಿ ಹೇಳಿದರು. ಸುಮಾರು ಶೇ 5 ಜನ ತೆಗೆಸಿಯೇಬಿಟ್ಟರು. ಸಾಯುವ ಯೋಚನೆ ಆಗೀಗ ಬಂದಿತ್ತು ಅಂದವರು ನಾಲ್ಕರಲ್ಲೊಬ್ಬರು. ಇವರಲ್ಲಿ ಎಷ್ಟೋ ಜನ ಮಗು ಬೇಕು ಅಂತಲೇ ಬಸಿರಾದವರು. ವಾಂತಿ ಮನಸ್ಸಿನಿಂದ ಬರುವುದಿಲ್ಲ, ಆದರೆ ವಾರಗಟ್ಟಲೆ ವಾಂತಿ ಮಾಡಿದರೆ ಮನಸ್ಸು ಮುರಿಯುತ್ತದೆ. ‘ಸಾಕಾಗಿದೆ, ಬೇಡ ಇದು’ ಅಂತ ಆಕೆ ಅಂದರೆ ಬೈಯಬೇಡಿ, ಡಾಕ್ಟರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡನೇ ಸಲ

ಒಮ್ಮೆ ತೀವ್ರವಾಗಿ ಬಂದವರಿಗೆ ಮುಂದಿನ ಬಸಿರಿನಲ್ಲೂ ಬರುವ ಸಾಧ್ಯತೆ ಜಾಸ್ತಿ. ಅಮ್ಮನಿಗೋ ಅಕ್ಕನಿಗೋ ಆಗಿದ್ದರೂ ಅಷ್ಟೇ. ಬ್ರಿಟನ್ನಿನ ರಾಜಕುಮಾರಿ ಕೇಟ್‌ಗೆ ಮೂರು ಬಸಿರಿನಲ್ಲೂ ಬಂದಿತ್ತು. ಹಾಗಾಗಿ ಎರಡನೇ ಮಗುವಿನ ಯೋಚನೆ ಇರುವವರು ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ಮುಟ್ಟು ತಪ್ಪಿದ ಕೂಡಲೇ, ವಾಂತಿ ಶುರುವಾಗುವ ಮೊದಲೇ, ಡಾಕ್ಸಿಲಮೈನ್–ಬಿ6 ಶುರುಮಾಡಿದರೆ ತೀವ್ರತೆ ಕಡಿಮೆಯಾಗುತ್ತದೆ ಅಂತ ಸಣ್ಣ ಪ್ರಯೋಗವೊಂದು ತೋರಿಸಿದೆ. ಹೋದ ಸಲ ಯಾವ ಮಾತ್ರೆ ಹಿಡಿಸಿತು, ಯಾವುದು ಹಿಡಿಸಲಿಲ್ಲ, ಎಷ್ಟನೇ ವಾರದಲ್ಲಿ ಅಡ್ಮಿಟ್ ಆಗಬೇಕಾಯಿತು, ತೂಕ ಎಷ್ಟು ಇಳಿಯಿತು ಅನ್ನುವುದನ್ನು ಹಳೆಯ ತಾಯಿ ಕಾರ್ಡಿನಲ್ಲೇ ಬರೆದಿಟ್ಟಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಮೊದಲ ಮೂರು ತಿಂಗಳು ಬರುವ ಹಾಗಿದ್ದರೆ ಆ ಎಂಟು–ಹತ್ತು ವಾರ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಇರುವ ಏರ್ಪಾಡು, ಮೊದಲ ಮಗುವನ್ನು ನೋಡಿಕೊಳ್ಳುವವರು ಯಾರು ಅನ್ನುವ ತೀರ್ಮಾನ, ಮನೆಯಲ್ಲಿ ಬಿ1 ಮತ್ತು ಡಾಕ್ಟರು ಬರೆದ ಮಾತ್ರೆಯ ದಾಸ್ತಾನು, ಇಷ್ಟನ್ನೂ ಗಂಡಹೆಂಡತಿ ಕೂತು ಮೊದಲೇ ಮಾಡಿಕೊಳ್ಳಬಹುದು.